ಸಾರಥಿಯ ಕಾಯಕ

ವಿದ್ಯಾಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಕ್ರೀಡಾಪಟುಗಳ ಜೀವನಚಿತ್ರಕ್ಕೆ ಎಡೆಯಿರುವುದು ಹೊಸ ಸಂಗತಿಯೇನಲ್ಲ. ಕುಸ್ತಿಯ ಜಟ್ಟಿ, ಕ್ರಿಕೆಟ್ಟಿನ ಕಲಿ, ಹಾಕಿಯ ಚತುರ, ಇವರೆಲ್ಲ ಅಲ್ಲಿ ಗೌರವದ ಸ್ಥಾನ ಪಡೆದಿದ್ದಾರೆ. ಮೋಟಾರು ಕಾರಿನ ಓಟಗಾರನಿಗೆ ಮಾತ್ರ ಆ ಪಂಕ್ತಿಯಲ್ಲಿ ಎಲೆ ಹಾಕುವವರು ವಿರಳ. ಅದು ಸಿರಿವಂತರ ವಿನೋದ, ಎಣ್ಣೆಯನ್ನೂ ರಬ್ಬರನ್ನೂ ಸುಡುವ ಹುಚ್ಚು, ಅಲ್ಲಿ ಓಡುವುದು ಯಂತ್ರವೇ ಹೊರತು ಮನುಷ್ಯನಲ್ಲ ಎಂಬ ಅಭಿಪ್ರಾಯ ಅಧ್ಯಾಪಕ ವರ್ಗದಲ್ಲಿ ಬಲವಾಗಿ ಬೇರೂರಿದೆ. ಈ ಅಭಿಪ್ರಾಯ ಪೂರ್ತಿ ನಿರಾಧಾರವಲ್ಲ; ಪೂರ್ತಿ ನ್ಯಾಯಸಮ್ಮತವೂ ಅಲ್ಲ. 1997ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಜನಿಸಿದ ಶ್ರೀ ಅರ್ಜುನ್ ಮೈನಿಯವರ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ಪರಿಶೀಲಿಸಿದರೆ ಈ ಎರಡು ಮಾತುಗಳ ಸತ್ಯವೂ ತಿಳಿದುಬರುತ್ತದೆ.

ಮಹಾಲಕ್ಷ್ಮಿ ಲೇಔಟಿನ ಹಳಬರಿಗೆ ಮೈನಿ ಎಂಬ ಹೆಸರು ಅಪರಿಚಿತವಾಗಿರಲಾರದು. ಬಡಾವಣೆಯ ಒಂದು ಬದಿಗೆ ರಾಜಾಜಿನಗರದ ಕೈಗಾರಿಕಾ ವಸಾಹತು, ಇನ್ನೊಂದು ಬದಿಗೆ ಪೀಣ್ಯ. ಬೆಟ್ಟದ ಮೇಲಿನ ವೀರಾಂಜನೇಯನಿಗೆ ಕೈಮುಗಿದು ಬೆಳಗಿನ ಪಾಳಿಗೆ ಹೊರಟ ಫಿಟ್ಟರುಗಳು, ಟರ್ನರುಗಳು, ಟೂಲ್‌ರೂಮಿನ ಕುಶಲಿಗಳು ಕಟ್ಟಿದ ಮನೆಗಳು ಇಲ್ಲಿ ಬೀದಿ ಬೀದಿಗೂ ಇವೆ. ಅರ್ಜುನರ ಅಜ್ಜ ಶ್ರೀ ಸುದರ್ಶನ್ ಮೈನಿಯವರು 1973ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉದ್ಯಮವು ಯಂತ್ರಗಳ ಸೂಕ್ಷ್ಮ ಬಿಡಿಭಾಗಗಳನ್ನು ತಯಾರಿಸುವುದರಲ್ಲಿ ಹೆಸರು ಗಳಿಸಿತು. ಪೀಣ್ಯದಲ್ಲಿಯೂ ಅದರ ಘಟಕ ತಲೆಯೆತ್ತಿತು. ಚಿಕ್ಕಪ್ಪ ಶ್ರೀ ಚೇತನ್ ಮೈನಿಯವರು 2001ರಲ್ಲಿ ರೇವಾ ಎಂಬ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದು, ಜಗತ್ತು ಇನ್ನೂ ಆ ದಿಕ್ಕಿಗೆ ಮುಖ ಮಾಡದಿದ್ದ ಕಾಲದಲ್ಲಿ ಸಾಹಸ ಮೆರೆದರು. ತಂದೆ ಶ್ರೀ ಗೌತಮ್ ಮೈನಿಯವರು ಸ್ವತಃ ರೇಸಿನ ಕಾರು ನಡೆಸಿದವರು. ಇಂತಹ ಮನೆಯಲ್ಲಿ ಬೆಳೆದ ಬಾಲಕನಿಗೆ ಎಂಜಿನ್ನಿನ ಸದ್ದು ಜೋಗುಳದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಇದನ್ನು ಮುಚ್ಚಿಟ್ಟು, ಬರಿಗೈಯ ಬಡ ಹುಡುಗನೊಬ್ಬ ಪ್ರತಿಭೆಯೊಂದರಿಂದಲೇ ಮೇಲೆ ಬಂದನೆಂದು ಕಥೆ ಕಟ್ಟುವುದು ಅಸತ್ಯವಾದೀತು. ಮೈನಿಯವರ ಬೆನ್ನಿಗೆ ಮನೆತನದ ಬಲವಿತ್ತು. ಆ ಬಲ ಎಲ್ಲಿಯವರೆಗೆ ಒಯ್ಯಬಲ್ಲುದು, ಎಲ್ಲಿ ಅದು ನಿಂತುಹೋಗುತ್ತದೆ ಎಂಬುದೇ ಈ ಜೀವನಚಿತ್ರದ ಸಾರ.

ಚಿಕ್ಕ ವಯಸ್ಸಿನಲ್ಲಿಯೇ ಗೋ-ಕಾರ್ಟ್ ಎಂಬ ಪುಟ್ಟ ಬಂಡಿಗಳಲ್ಲಿ ಪಳಗಿದ ಅರ್ಜುನರು 2011ರಲ್ಲಿ ದೇಶದ ಗಮನ ಸೆಳೆದರು. ಗ್ರೇಟರ್ ನೋಯ್ಡಾದಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಸ್ಪರ್ಧೆ ನಡೆದ ವರ್ಷವದು. ಫೋರ್ಸ್ ಇಂಡಿಯಾ ತಂಡವು ನೂರು ಕೋಟಿ ಜನರಲ್ಲಿ ಒಬ್ಬ ಚಾಲಕನನ್ನು ಹುಡುಕುವುದಾಗಿ ಸಾರಿ ನಡೆಸಿದ ಶೋಧದಲ್ಲಿ ಆಯ್ಕೆಯಾದ ಬಾಲಕರಲ್ಲಿ ಅವರೂ ಒಬ್ಬರು. ಆಗ ಅವರಿಗೆ ಹದಿಮೂರು ವರ್ಷ. ಮೂರು ವರ್ಷಗಳ ಅನಂತರ, 2014ರಲ್ಲಿ, ಬ್ರಿಟನ್ನಿನ ಬಿ.ಆರ್.ಡಿ.ಸಿ. ಫಾರ್ಮುಲಾ ಫೋರ್ ಸರಣಿಯಲ್ಲಿ ಅವರು ಕೊನೆಯವರೆಗೂ ಪ್ರಶಸ್ತಿಗಾಗಿ ಸೆಣಸಿ ಕೆಲವೇ ಅಂಕಗಳಿಂದ ಎರಡನೆಯ ಸ್ಥಾನಕ್ಕೆ ತೃಪ್ತರಾಗಬೇಕಾಯಿತು. ಗೆದ್ದ ಹುಡುಗನ ಹೆಸರು ಜಾರ್ಜ್ ರಸೆಲ್. ಆತ 2019ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿ 2022ರಲ್ಲಿ ಬ್ರೆಜಿಲ್‌ನಲ್ಲಿ ಮರ್ಸಿಡಿಸ್ ಕಾರಿನಲ್ಲಿ ಜಯ ಗಳಿಸಿದನು. ಒಂದೇ ಋತುವಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ಓಡಿದ ಇಬ್ಬರಲ್ಲಿ ಒಬ್ಬನು ಶಿಖರಕ್ಕೂ ಇನ್ನೊಬ್ಬನು ಬೇರೊಂದು ಕಣಿವೆಗೂ ಹೋದ ಬಗೆಯನ್ನು ಕೇವಲ ಅಂಕಪಟ್ಟಿಯಿಂದ ವಿವರಿಸಲು ಸಾಧ್ಯವಿಲ್ಲ.

2017ರ ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಸ್ವಿಟ್ಜರ್‌ಲೆಂಡಿನ ಯೆಂಜರ್ ತಂಡದ ಪರವಾಗಿ ಜಿ.ಪಿ.3 ಸರಣಿಯ ಓಟವೊಂದನ್ನು ಗೆದ್ದು, ಆ ಸರಣಿಯಲ್ಲಿ ಜಯ ಗಳಿಸಿದ ಪ್ರಥಮ ಭಾರತೀಯರೆಂಬ ಕೀರ್ತಿಗೆ ಅವರು ಪಾತ್ರರಾದರು. ಅದೇ ವರ್ಷ ಅಮೆರಿಕದ ಹಾಸ್ ಫಾರ್ಮುಲಾ ಒನ್ ತಂಡ ಅವರನ್ನು ಅಭಿವೃದ್ಧಿ ಚಾಲಕರಾಗಿ ಸೇರಿಸಿಕೊಂಡಿತು. ನಾರಾಯಣ್ ಕಾರ್ತಿಕೇಯನ್ 2005ರಲ್ಲಿ, ಕರುಣ್ ಚಂದೋಕ್ 2010ರಲ್ಲಿ ಏರಿದ್ದ ಮೆಟ್ಟಿಲು ಈಗ ಬೆಂಗಳೂರಿನ ಯುವಕನ ಕಾಲಿಗೂ ಎಟುಕುವಂತೆ ಕಂಡಿತು. 2018ರಲ್ಲಿ ಅವರು ಇಟಲಿಯ ಟ್ರೈಡೆಂಟ್ ತಂಡದೊಡನೆ ಫಾರ್ಮುಲಾ ಟೂಗೆ ಬಂದರು. ಫಾರ್ಮುಲಾ ಒನ್‌ಗೆ ಉಳಿದದ್ದು ಒಂದೇ ಹೆಜ್ಜೆ.

ಆ ವರ್ಷ ಸುಖಕರವಾಗಲಿಲ್ಲ. ಜುಲೈ ತಿಂಗಳಲ್ಲಿ ಸಿಲ್ವರ್‌ಸ್ಟೋನಿನಲ್ಲಿ, ಓಟ ಮುಗಿದು ಕಾರುಗಳು ನಿಧಾನವಾಗಿ ಹಿಂತಿರುಗುತ್ತಿದ್ದಾಗ, ಅವರ ಸ್ವಂತ ತಂಡದ ಸಹಚಾಲಕನೇ ತನ್ನ ಕಾರನ್ನು ಬೇಕೆಂದೇ ಅವರ ಕಾರಿಗೆ ತಾಗಿಸಿದನು. ಅಧಿಕಾರಿಗಳು ಆತನನ್ನು ನಾಲ್ಕು ಓಟಗಳಿಂದ ಬಹಿಷ್ಕರಿಸಿದರು; ತಂಡವೂ ಆತನ ಒಪ್ಪಂದವನ್ನು ಕಡಿದುಹಾಕಿತು. ಪತ್ರಿಕೆಗಳು ಈ ಪ್ರಸಂಗವನ್ನು ಹಲವು ದಿನ ಚರ್ಚಿಸಿದವು. ಮೈನಿಯವರು ಅದೇ ತಂಡದಲ್ಲಿ ಉಳಿದ ಓಟಗಳನ್ನು ಮುಂದುವರಿಸಿದರು. ಸಿಟ್ಟು ಸಿರಿಯನ್ನು ಕೆಡಿಸುವುದೆಂಬ ಹಿರಿಯರ ಎಚ್ಚರಿಕೆಗೆ ಗಂಟೆಗೆ ಮುನ್ನೂರು ಕಿಲೋಮೀಟರು ವೇಗದ ವೃತ್ತಿಯಲ್ಲಿ ಇರುವಷ್ಟು ಅರ್ಥ ಬೇರೆಡೆ ಇರಲಾರದು.

ಹಣದ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಫಾರ್ಮುಲಾ ಕಾರುಗಳ ಏಣಿಯಲ್ಲಿ ಒಂದೊಂದು ಮೆಟ್ಟಿಲಿಗೂ ಕೋಟಿಗಟ್ಟಲೆ ರೂಪಾಯಿ ಬೇಕು. ಅದನ್ನು ತರಬೇಕಾದವನು ಬಹುಮಟ್ಟಿಗೆ ಚಾಲಕನೇ. ಅಂದರೆ ಅಲ್ಲಿ ಕೆಲಸಗಾರನೇ ಕೂಲಿ ಕೊಟ್ಟು ಕೆಲಸ ಪಡೆಯುತ್ತಾನೆ! 2018ರಲ್ಲಿ ಫಾರ್ಮುಲಾ ಒನ್‌ನಲ್ಲಿದ್ದದ್ದು ಹತ್ತು ತಂಡ, ಇಪ್ಪತ್ತು ಆಸನ. ಆ ಇಪ್ಪತ್ತಕ್ಕೆ ಲೋಕದ ಎಲ್ಲ ಮೂಲೆಗಳಿಂದ ಕಾದಿರುವವರು ನೂರಾರು. ಅವರಲ್ಲಿ ಕೆಲವರ ಹಿಂದೆ ದೊಡ್ಡ ಕಾರ್ಖಾನೆಗಳಿವೆ, ಕೆಲವರ ಹಿಂದೆ ದೇಶದ ಖಜಾನೆಯೇ ಇದೆ. ಬೆಂಗಳೂರಿನ ಉದ್ಯಮಿ ಮನೆತನವೊಂದರ ಬೆಂಬಲ, ಅದು ಎಷ್ಟೇ ದೊಡ್ಡದಾಗಿ ಕಂಡರೂ, ಆ ಸಾಲಿನಲ್ಲಿ ಸಾಧಾರಣವೇ. ಬಾಗಿಲು ತೆರೆಯಲಿಲ್ಲ.

ಇಲ್ಲಿಗೆ ಕಥೆ ಮುಗಿಯಿತೆಂದು ಬಹಳ ಜನ ತಿಳಿಯುತ್ತಾರೆ. ವೃತ್ತಿ ಎಂಬ ಮಾತಿಗೆ ತಕ್ಕ ಭಾಗ ಆರಂಭವಾದದ್ದು ಆಮೇಲೆಯೇ. 2019ರಲ್ಲಿ ಮೈನಿಯವರು ದೀರ್ಘಾವಧಿಯ ಓಟಗಳತ್ತ ತಿರುಗಿ, ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಸ್ಪರ್ಧೆಯಲ್ಲಿ ಭಾಗವಹಿಸಿದರು. ಅಲ್ಲಿ ಮೂವರು ಚಾಲಕರಿಗೆ ಕಾರು ಒಂದೇ. ಒಬ್ಬನ ಕಾಲಿನ ಉದ್ದಕ್ಕೆ ಸರಿಹೊಂದುವ ಆಸನ ಇನ್ನೊಬ್ಬನಿಗೆ ಹೊಂದದು. ಒಬ್ಬನಿಗೆ ಹಿತವಾದ ಬ್ರೇಕು ಇನ್ನೊಬ್ಬನಿಗೆ ಅಹಿತ. ತನ್ನ ಕಾಲಿಗೆ ತಾನೇ ಅಳತೆಯಾಗಿದ್ದವನು ಇನ್ನಿಬ್ಬರಿಗಾಗಿ ಬಾಗಬೇಕು, ಅವರ ತಪ್ಪಿನ ಫಲವನ್ನು ತಾನೂ ಉಣ್ಣಬೇಕು. ಒಂಟಿ ಆಸನದ ಕಾರಿನಲ್ಲಿ ಬೆಳೆದ ಯುವಕನಿಗೆ ಇದು ಎರಡನೆಯ ಪಾಠಶಾಲೆ. 2021ರ ಆರಂಭದಲ್ಲಿ ಕಾರ್ತಿಕೇಯನ್ ಮತ್ತು ನವೀನ್ ರಾವ್ ಅವರೊಡಗೂಡಿ ರೇಸಿಂಗ್ ಟೀಮ್ ಇಂಡಿಯಾದ ಹೆಸರಿನಲ್ಲಿ ಏಷ್ಯನ್ ಲೆ ಮಾನ್ಸ್ ಸರಣಿಯಲ್ಲಿಯೂ ಅವರು ಓಡಿದರು.

ಅದೇ 2021ರಲ್ಲಿ ಗೆಟ್‌ಸ್ಪೀಡ್ ತಂಡದ ಮರ್ಸಿಡಿಸ್-ಎ.ಎಂ.ಜಿ. ಕಾರಿನೊಡನೆ ಜರ್ಮನಿಯ ಡಿ.ಟಿ.ಎಂ. ಸರಣಿಯನ್ನು ಪ್ರವೇಶಿಸಿದ ಅವರು ಅಲ್ಲಿ ಸ್ಪರ್ಧಿಸಿದ ಪ್ರಥಮ ಭಾರತೀಯರಾದರು. ಟೂರಿಂಗ್ ಕಾರ್ ಓಟವೆಂದರೇನೆಂಬುದನ್ನು ವಾಚಕರಿಗೆ ಎರಡು ಮಾತಿನಲ್ಲಿ ತಿಳಿಸುವುದು ಅವಶ್ಯ. ಸೂರು, ಬಾಗಿಲು, ದೀಪಗಳಿರುವ, ಬೀದಿಯ ಕಾರಿನ ಆಕಾರವನ್ನೇ ಹೊತ್ತ ವಾಹನಗಳ ಓಟವದು. ಮದರಾಸಿನ ಬಳಿಯ ಶೋಳಾವರಂ ವಿಮಾನ ಪಥದಲ್ಲಿ ಫಿಯೆಟ್ ಮತ್ತು ಹೆರಾಲ್ಡ್ ಕಾರುಗಳನ್ನು ತಿದ್ದಿ ತೀಡಿ ಓಡಿಸುತ್ತಿದ್ದ ದಿನಗಳನ್ನು ಕಂಡ ಹಿರಿಯರಿಗೆ ಇದರ ಸ್ವಾರಸ್ಯ ಗೊತ್ತು. ಕಚೇರಿಗೆ ಹೋಗಿಬರುವ ಕಾರೇ ಅಲ್ಲಿ ಕುದುರೆಯಾಗುತ್ತಿತ್ತು. ಜರ್ಮನಿಯ ಸರಣಿ 1984ರಲ್ಲಿ ಇಂತಹ ಕಾರುಗಳೊಡನೆಯೇ ಆರಂಭವಾಯಿತು. ಮರ್ಸಿಡಿಸ್ 190, ಬಿ.ಎಂ.ಡಬ್ಲ್ಯು. ಎಂ3, ಆಡಿ ವಿ8 ಅದರಲ್ಲಿ ಮೆರೆದವು. ವೆಚ್ಚ ಏರಿದಂತೆ 1996ರ ಕೊನೆಗೆ ಅದು ಕುಸಿದುಬಿದ್ದು, 2000ದಲ್ಲಿ ಪುನರ್ಜನ್ಮ ಪಡೆಯಿತು. 2021ರಿಂದ ಅಲ್ಲಿ ಓಡುತ್ತಿರುವುದು ಜಿ.ಟಿ.3 ದರ್ಜೆಯ ಕ್ರೀಡಾಕಾರುಗಳು. ಹೆಸರಿನಲ್ಲಿ ಟೂರಿಂಗ್ ಕಾರ್ ಉಳಿದಿದೆ, ಕಾರು ಬದಲಾಗಿದೆ ಎಂದು ಸಂಪ್ರದಾಯಸ್ಥರು ಗೊಣಗುವುದುಂಟು. ಗೊಣಗಾಟದಲ್ಲಿ ಹುರುಳಿಲ್ಲದಿಲ್ಲ; ಆದರೂ ಓಟದ ಸ್ವಭಾವ ಹಳೆಯದೇ. ಬಂಪರಿಗೆ ಬಂಪರು ತಾಗುತ್ತದೆ, ಕನ್ನಡಿ ಮುರಿಯುತ್ತದೆ, ಗೆಲುವು ಕಸಿದುಕೊಳ್ಳಬೇಕಾದ ವಸ್ತುವಾಗುತ್ತದೆ.

ನ್ಯೂರೆಂಬರ್ಗಿನ ನೋರಿಸ್‌ರಿಂಗ್ ಇದಕ್ಕೆ ಉತ್ತಮ ನಿದರ್ಶನ. ಸುಮಾರು 2.3 ಕಿಲೋಮೀಟರಿನ ಬೀದಿಪಥ, ಬೆರಳೆಣಿಕೆಯ ತಿರುವುಗಳು. ಚಾರ್ಡ್ ರಸ್ತೆಯ ಒಂದು ತುಂಡನ್ನು ಮುಚ್ಚಿ ಓಟಕ್ಕೆ ಬಿಟ್ಟಂತೆ ಎಂದರೆ ಮಹಾಲಕ್ಷ್ಮಿ ಲೇಔಟಿನವರಿಗೆ ಚಿತ್ರ ಕಣ್ಣಿಗೆ ಕಟ್ಟೀತು. ನೇರ ದಾರಿಯಲ್ಲಿ ಪೂರ್ಣ ವೇಗ, ಕೂಡಲೇ ಹಿಮ್ಮುರಿ ತಿರುವಿಗಾಗಿ ಪೂರ್ಣ ಬ್ರೇಕು. ಸುಮಾರು ಒಂದು ಗಂಟೆ ಕಾಲ ಇದೇ. ಮುಚ್ಚಿದ ಕಾರಿನೊಳಗೆ ಬೇಸಿಗೆಯ ಸೆಕೆ ಒಲೆಯ ಬಾಯಿಯಂತಿರುತ್ತದೆ. ಇಡೀ ಪಡೆಯ ನಡುವಿನ ಅಂತರ ಎಷ್ಟೋ ಸಲ ಒಂದು ಸೆಕೆಂಡಿಗೂ ಕಡಮೆ. ಅಲ್ಲಿ ಆರನೆಯ ಸ್ಥಾನಕ್ಕೂ ಹದಿನಾರನೆಯ ಸ್ಥಾನಕ್ಕೂ ಇರುವ ವ್ಯತ್ಯಾಸ ಪೀಣ್ಯದ ಟರ್ನರನೊಬ್ಬನಿಗೆ ಚೆನ್ನಾಗಿ ಅರ್ಥವಾಗುತ್ತದೆ: ಅದು ಮೈಕ್ರಾನಿನ ಲೆಕ್ಕ. ಟೈರಿನ ಗಾಳಿ, ಹಿಂಬದಿಯ ರೆಕ್ಕೆಯ ಕೋನ, ಬ್ರೇಕಿನ ಒತ್ತಡದ ಹಂಚಿಕೆ, ಇವುಗಳನ್ನು ಎಂಜಿನಿಯರುಗಳೊಡನೆ ಕುಳಿತು ಓದುವುದರಲ್ಲಿಯೇ ಚಾಲಕನ ದಿನದ ದೊಡ್ಡ ಪಾಲು ಕಳೆಯುತ್ತದೆ. ಓಟ ಅದರ ಕೊನೆಯ ಪುಟ ಮಾತ್ರ.

ಈ ಓಟಗಳ ಒಂದು ನಿಯಮ ಧರ್ಮಜಿಜ್ಞಾಸುಗಳ ಕುತೂಹಲವನ್ನೂ ಕೆರಳಿಸುವಂತಿದೆ. ಬೇರೆ ಬೇರೆ ಕಾರ್ಖಾನೆಗಳ ಕಾರುಗಳು ಒಂದೇ ಸಮಕ್ಕೆ ಬರುವಂತೆ ಅಧಿಕಾರಿಗಳು ಒಂದಕ್ಕೆ ತೂಕ ಸೇರಿಸುತ್ತಾರೆ, ಇನ್ನೊಂದರ ಎಂಜಿನ್ನಿನ ಉಸಿರನ್ನು ಬಿಗಿಹಿಡಿಯುತ್ತಾರೆ. ಹಲವು ಟೂರಿಂಗ್ ಕಾರ್ ಸರಣಿಗಳಲ್ಲಿ ಗೆದ್ದವನು ಮುಂದಿನ ಓಟಕ್ಕೆ ಹೆಚ್ಚಿನ ಭಾರ ಹೊತ್ತು ಬರಬೇಕೆಂಬ ಕಟ್ಟಳೆಯೂ ಉಂಟು. ಉಳ್ಳವನಿಗೆ ಭಾರ, ಇಲ್ಲದವನಿಗೆ ಅವಕಾಶ! ಫಾರ್ಮುಲಾದ ಏಣಿಯಲ್ಲಿ ಹೀಗಲ್ಲ. ಅಲ್ಲಿ ಉಳ್ಳವನಿಗೇ ಹೊಸ ಎಂಜಿನ್ನು, ಹೊಸ ಟೈರು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯವಾದುದು. ಜಿ.ಟಿ. ಮತ್ತು ಟೂರಿಂಗ್ ಕಾರುಗಳ ಜಗತ್ತಿನಲ್ಲಿ ಕಾರ್ಖಾನೆಗಳ ಬೆಂಬಲ ಪಡೆದ ಚಾಲಕನು ಸಂಬಳದ ಮನುಷ್ಯ. ಹಣ ತಂದವನಿಗೆ ಆಸನ ಎಂಬ ಲೆಕ್ಕ ತಲೆಕೆಳಗಾಗಿ, ಕೆಲಸ ಬಲ್ಲವನಿಗೆ ಕೂಲಿ ಎಂಬ ಲೆಕ್ಕ ಬರುತ್ತದೆ. ಶರಣರು ಕಾಯಕವೆಂದು ಕರೆದದ್ದು ದುಡಿದು ಉಣ್ಣುವ ಈ ಘನತೆಯನ್ನಲ್ಲವೆ? ಫಾರ್ಮುಲಾ ಒನ್ ತಪ್ಪಿದ್ದರಿಂದ ಮೈನಿಯವರು ಸೋತರೆಂದು ಬರೆಯುವ ಲೇಖಕರು ಈ ಅಂಶವನ್ನು ಮರೆಯುತ್ತಾರೆ. 2022ರಿಂದ ಹಾಪ್ಟ್ ರೇಸಿಂಗ್ ಟೀಮ್ ಎಂಬ ಜರ್ಮನ್ ತಂಡ ಅವರನ್ನು ವರ್ಷ ವರ್ಷವೂ ಉಳಿಸಿಕೊಂಡಿತು. ಜಗತ್ತಿನ ನುರಿತ ಚಾಲಕರೆಲ್ಲ ಕಾಯುವ ಸ್ಥಾನವದು, ದಾಕ್ಷಿಣ್ಯಕ್ಕೆ ದೊರೆಯುವುದಲ್ಲ.

ಆದರೂ ಮೊದಲ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪ್ರಸಾದ ನಿಲಯದಲ್ಲಿ ಉಂಡು ಓದುವ ಹುಡುಗನಿಗೆ ಈ ದಾರಿ ತೆರೆದಿದೆಯೆ? ಚಾಲಕನ ಆಸನದವರೆಗೆ, ಪ್ರಾಮಾಣಿಕವಾಗಿ ಹೇಳುವುದಾದರೆ, ತೆರೆದಿಲ್ಲ. ಕಾರ್ಟ್ ಬಂಡಿಯ ಒಂದು ಜೊತೆ ಟೈರಿನ ಬೆಲೆಯೇ ಅವನ ಮನೆಯನ್ನು ನಡುಗಿಸೀತು. ಆದರೆ ಒಬ್ಬ ಚಾಲಕನ ಹಿಂದೆ ಹತ್ತಾರು ಕುಶಲಿಗಳಿರುತ್ತಾರೆ. ಬ್ರೇಕಿನ ತಾಪವನ್ನು ಅಳೆಯುವವನು, ಗೇರುಪೆಟ್ಟಿಗೆಯನ್ನು ರಾತ್ರೋರಾತ್ರಿ ಬಿಚ್ಚಿ ಜೋಡಿಸುವವನು, ಸಾವಿರಾರು ಅಂಕಿಗಳಲ್ಲಿ ಒಂದು ತಪ್ಪನ್ನು ಹುಡುಕುವವನು. ಈ ವಿದ್ಯೆಗಳಿಗೆ ಗಣಿತ, ಭೌತಶಾಸ್ತ್ರ, ಒಳ್ಳೆಯ ವರ್ಕ್‌ಷಾಪು ಸಾಕು. ದಾನಿಗಳು ಪ್ರಯೋಗಾಲಯಕ್ಕೆ ಕೊಡಿಸುವ ಒಂದು ಲೇತು ಒಬ್ಬ ಚಾಲಕನನ್ನು ತಯಾರಿಸಲಾರದು; ಚಾಲಕನು ನಂಬಿ ಪ್ರಾಣ ಒಪ್ಪಿಸುವ ಮೆಕ್ಯಾನಿಕನನ್ನು ತಯಾರಿಸಬಲ್ಲುದು.

ಅರ್ಜುನರ ತಮ್ಮ ಕುಶ್ ಮೈನಿಯವರು ಅಣ್ಣನು ಬಿಟ್ಟ ಏಣಿಯನ್ನೇ ಹಿಡಿದು, 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂ ಓಟವೊಂದನ್ನು ಗೆದ್ದು ಆ ಬೀದಿಗಳಲ್ಲಿ ಆ ಸರಣಿಯ ಜಯ ಕಂಡ ಮೊದಲ ಭಾರತೀಯರಾದರು. ಅಣ್ಣನಿಗೆ ಅದೇ ವರ್ಷ ಬೇರೊಂದು ಕೆಲಸ ಕಾದಿತ್ತು. ನಾಲ್ಕು ವರ್ಷ ಕೈಗೆ ಒಗ್ಗಿದ್ದ ಮರ್ಸಿಡಿಸ್ಸನ್ನು ಬಿಟ್ಟು ಹಾಪ್ಟ್ ತಂಡ ಫೋರ್ಡ್ ಮಸ್ಟಾಂಗ್ ಕಾರನ್ನು ಡಿ.ಟಿ.ಎಂ.ಗೆ ತಂದಿತು. 5.4 ಲೀಟರಿನ ಆ ಹೊಸ ಎಂಟು ಸಿಲಿಂಡರಿನ ಕಾರು ಜರ್ಮನಿಯ ತಿರುವುಗಳಲ್ಲಿ ಹೇಗೆ ವರ್ತಿಸೀತೆಂಬುದಕ್ಕೆ ತಂಡದ ಬಳಿ ಹಿಂದಿನ ಓಟಗಳ ದಾಖಲೆ ಇರಲಿಲ್ಲ. ಇಪ್ಪತ್ತೇಳರ ಹರೆಯದ ಮೈನಿಯವರು ಫೇಬಿಯೊ ಶೆರರ್ ಎಂಬ ಸ್ವಿಸ್ ಚಾಲಕನ ಜೊತೆಗೂಡಿ, ಯಾವ ಟೈರಿಗೆ ಎಷ್ಟು ಗಾಳಿ ಎಂಬುದರಿಂದ ಮೊದಲ್ಗೊಂಡು, ಆ ದಾಖಲೆಯನ್ನು ಬರೆಯಲು ತೊಡಗಿದರು.