ತಾತ್ಕಾಲಿಕ

ರೂಟ್ ಕೆನಾಲ್ ಅಂದರೆ ಎಲ್ಲರಿಗೂ ಸೂಜಿಯ ಭಯ. ನನಗೀಗ ಭಯ ಅದು ಮುಗಿದ ಮೇಲಿನ ದಿನಗಳದ್ದು. ಎಡಗಡೆಯ ದವಡೆ ಹಲ್ಲಿನ ನರ ತೆಗೆದು, ಬೇರಿನ ನಾಳಗಳನ್ನು ತುಂಬಿ, ಮೇಲೆ ಕಣಕದಂಥ ಬಿಳಿ ಪದಾರ್ಥ ಮೆತ್ತಿದ ಡಾಕ್ಟರು, “ಇದು ತಾತ್ಕಾಲಿಕ ಅಷ್ಟೇ. ಎರಡು ವಾರದಲ್ಲಿ ಬನ್ನಿ, ಗಟ್ಟಿ ಫಿಲ್ಲಿಂಗ್ ಹಾಕೋಣ, ಆಮೇಲೆ ಕ್ಯಾಪ್” ಎಂದರು.

ಒಂಬತ್ತನೇ ದಿನ ಹಾಸ್ಟೆಲ್ಲಿನಲ್ಲಿ ಜೋಳದ ರೊಟ್ಟಿ ಅಗಿಯುವಾಗ ಬಾಯಲ್ಲಿ ಮರಳಿನಂಥ ಪುಡಿ ಸಿಕ್ಕಿತು. ನಾಲಿಗೆ ಹುಡುಕಿಕೊಂಡು ಹೋದರೆ ಅಲ್ಲೊಂದು ಗುಂಡಿ. ನೋವು ಮಾತ್ರ ಇಲ್ಲ.

ತಾತ್ಕಾಲಿಕ ಫಿಲ್ಲಿಂಗ್‌ಗಳಲ್ಲಿ ಒಂದು ಬಗೆಯದು ಜಿಂಕ್ ಆಕ್ಸೈಡಿಗೆ ಯೂಜಿನಾಲ್ ಕಲಸಿದ್ದು. ಯೂಜಿನಾಲ್ ಲವಂಗದೆಣ್ಣೆಯ ಮುಖ್ಯ ಅಂಶ. ಹಲ್ಲಿನ ಕ್ಲಿನಿಕ್ಕುಗಳ ಆ ವಾಸನೆ ಅದರದ್ದೇ. ನನಗೆ ಹಾಕಿದ್ದು ಇನ್ನೊಂದು ಬಗೆ: ಜಿಂಕ್ ಆಕ್ಸೈಡ್, ಕ್ಯಾಲ್ಸಿಯಂ ಸಲ್ಫೇಟ್ ಇರುವಂಥದ್ದು. ಅದು ಜೊಲ್ಲಿನ ತೇವ ಹೀರಿ ಗಟ್ಟಿಯಾಗುತ್ತದೆ, ತುಸು ಉಬ್ಬಿ ಹಲ್ಲಿನ ಅಂಚಿಗೆ ಒತ್ತಿಕೊಳ್ಳುತ್ತದೆ. ಸುಮಾರು 3.5 ಮಿ.ಮೀ. ದಪ್ಪವಾದರೂ ಇರಬೇಕು. ಆದರೂ ಅಗಿತಕ್ಕೆ ಸವೆಯುತ್ತದೆ. ಬಿರುಕಾದರೆ ಜೊಲ್ಲಿನ ಜೊತೆ ಬ್ಯಾಕ್ಟೀರಿಯಾ ಒಳಗಿಳಿಯುತ್ತವೆ. ಅದನ್ನು ತಿಳಿಸಬೇಕಾದ ನರ ಅಲ್ಲಿಲ್ಲ.

1995ರಲ್ಲಿ ರೇ ಮತ್ತು ಟ್ರೋಪ್ ಎಂಬ ಇಬ್ಬರು ರೂಟ್ ಕೆನಾಲ್ ಆದ 1010 ಹಲ್ಲುಗಳ ಎಕ್ಸ್-ರೇ ಪರಿಶೀಲಿಸಿದ್ದರು. ಬೇರಿನ ತುದಿ ಆರೋಗ್ಯವಾಗಿರಲು ಒಳಗಿನ ತುಂಬುವಿಕೆಗಿಂತ ಮೇಲಿನ ಮುಚ್ಚಳದ ಗುಣಮಟ್ಟವೇ ಹೆಚ್ಚು ಮುಖ್ಯವಾಗಿ ಕಂಡಿತ್ತು. ಮುಂದಿನ ಅಧ್ಯಯನಗಳು ಎರಡೂ ಬೇಕು ಎಂದವು. ಅಂತೂ ಮುಚ್ಚಳ ಅಲಂಕಾರವಲ್ಲ.

ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳುವುದು ಕಷ್ಟ.

“ನೋವಿದ್ಯಾ?”

“ಇಲ್ಲಮ್ಮ.”

“ಮತ್ಯಾಕೆ ಅಷ್ಟು ದುಡ್ಡು ಸುರೀತೀಯಾ?”

ಅವಳ ಲೆಕ್ಕವೂ ಸರಿಯೇ. ನಮ್ಮ ಮನೆಯಲ್ಲಿ ನೋವಿದ್ದರೆ ಮಾತ್ರ ಆಸ್ಪತ್ರೆ. ನನ್ನ ಫೆಲೋಶಿಪ್ ಬಂದು ನಾಲ್ಕು ತಿಂಗಳಾಗಿದೆ. ಕ್ಯಾಪಿನ ದುಡ್ಡು ಅದರಿಂದಲೇ ಆಗಬೇಕು. ಕಚೇರಿಯಲ್ಲಿ ಕೇಳಿದರೆ, “ಫೈಲು ಮೇಲೆ ಹೋಗಿದೆ” ಎನ್ನುತ್ತಾರೆ.

ಮಾರನೆಯ ದಿನವೇ ಡಾಕ್ಟರ ಬಳಿ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಮುಖ ಸಿಂಡರಿಸಲಿಲ್ಲ. “ಕ್ಯಾಪ್ ಸ್ವಲ್ಪ ತಡವಾದ್ರೂ ನೋಡೋಣ, ಆದ್ರೆ ಈ ಗುಂಡಿ ಇವತ್ತೇ ಮುಚ್ಚಬೇಕು” ಎಂದು ಒಳಗೆಲ್ಲ ಶುಚಿಮಾಡಿ ಕಾಂಪೋಸಿಟ್ ತುಂಬಿದರು. ಕ್ಯಾಪ್ ಇಲ್ಲದ ದವಡೆ ಹಲ್ಲು ಸೀಳುವ ಅಪಾಯವಿದೆ, ಸೀಳಿದರೆ ಕೀಳಿಸಬೇಕಾಗಬಹುದು ಎಂದೂ ಹೇಳಿದರು.

ಈಗ ಬಲಗಡೆಯಿಂದಲೇ ಅಗಿಯುತ್ತೇನೆ. ಪಕ್ಕದ ರೂಮಿನ ಗೆಳೆಯನದೂ ರೂಟ್ ಕೆನಾಲ್ ಮೊನ್ನೆ ಮುಗಿಯಿತು. “ನೋವೇ ಇಲ್ಲ ಮಾರಾಯ” ಎಂದು ಖುಷಿಯಿಂದ ಬಂದವನಿಗೆ ಮೊದಲು ಕೇಳಿದ್ದು, ಮುಂದಿನ ತಾರೀಖು ಯಾವತ್ತು ಅಂತ.