ಹಣೆ ಮೇಲಿನ ಬೂದಿ

ನಂಜನಗೂಡಿನಲ್ಲಿ ಹಣೆಗೆ ಬೂದಿ ಇಟ್ಟುಕೊಂಡು ಓಡಾಡಿದರೆ ಯಾರೂ ತಿರುಗಿ ನೋಡಲ್ಲ. ಶ್ರೀಕಂಠೇಶ್ವರನ ಊರು, ಕಪಿಲೆಯಲ್ಲಿ ಮುಳುಗೆದ್ದವರ ಹಣೆ ತುಂಬ ವಿಭೂತಿ. ಆದರೆ 2023ರ ಫೆಬ್ರವರಿ 22ರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ಅಜ್ಜಿ ನನ್ನನ್ನು ನಿಲ್ಲಿಸಿ, "ಇದೇನ್ ಮಗ, ವಿಭೂತೀನ ಉದ್ದಕ್ಕೂ ಎಳ್ಕೊಂಡಿದ್ದೀಯ?" ಅಂದರು. ಶಿವರಾತ್ರಿ ಕಳೆದು ನಾಲ್ಕೇ ದಿನ ಆಗಿತ್ತು.

"ನಮ್ದು ಬೂದಿ ಬುಧವಾರ ಅಜ್ಜಿ, ಇದು ಶಿಲುಬೆ" ಅಂದೆ.

"ಯಾವ್ದಾದ್ರೂ ಬೂದೀನೇ ತಾನೆ" ಅಂತ ಮತ್ತೆ ಹೂ ಕಟ್ಟೋಕೆ ಶುರು ಮಾಡಿದರು.

ಹೌದು, ಬೂದೀನೇ. ಆದರೆ ಎಲ್ಲಿಂದ ಬಂದಿದ್ದು ಅಂತ ಅಜ್ಜಿಗೆ ಹೇಳಬೇಕಿತ್ತು. ಗರಿಗಳ ಭಾನುವಾರ ಮಂತ್ರಿಸಿ ಕೊಡುವ ಗರಿಯನ್ನು ವರ್ಷವಿಡೀ ಮನೆಯ ಶಿಲುಬೆಗೆ ಸಿಕ್ಕಿಸಿಟ್ಟಿರುತ್ತೇವೆ. ಒಣಗಿದ ಆ ಗರಿಗಳನ್ನು ಮುಂದಿನ ವರ್ಷ ಚರ್ಚಿಗೆ ವಾಪಸ್ ಕೊಡಬೇಕು. ಅದನ್ನು ಸುಟ್ಟಿದ್ದೇ ಈ ಬೂದಿ. ಜೈಕಾರ ಹಾಕಿ ಹಿಡಿದ ಗರಿಯೇ ಕೊನೆಗೆ ಹಣೆಗೆ ಬಂದು, ನೀನೂ ಮಣ್ಣಿಗೆ ಹೋಗುವವನೇ ಅಂತ ನೆನಪಿಸುತ್ತೆ.

ಆ ವರ್ಷ ನಾನು ಕೊಟ್ಟಿದ್ದು ಅಪ್ಪನ ಗರಿ. 2022ರ ಏಪ್ರಿಲ್ 10ರಂದು ಟಿ. ನರಸೀಪುರದಲ್ಲಿ ಅಪ್ಪ ಕೈಯಲ್ಲಿ ಹಿಡಿದಿದ್ದು. ಜುಲೈನಲ್ಲಿ ಅಪ್ಪ ಹೋದರು. ತಿಂಗಳ ಪೂಜೆ ಮುಗಿದ ದಿನ, ನೆಂಟರೆಲ್ಲ ಕೂತಿರುವಾಗ, ನಾನು ಅಣ್ಣನ ಹತ್ತಿರ ಆಸ್ಪತ್ರೆ ಖರ್ಚಿನ ಲೆಕ್ಕ ಕೇಳಿದೆ. ಮೂರು ತಿಂಗಳು ಅಪ್ಪನನ್ನು ಎತ್ತಿ ಇಳಿಸಿದವನು ಅವನು. ನಾನು ಭಾನುವಾರದ ಅತಿಥಿ. ಅಣ್ಣ ಒಂದು ಮಾತೂ ಆಡದೆ ಎದ್ದು ಹೋದ. ಹಟಕ್ಕೆ ಬಿದ್ದವನ ಹಾಗೆ ಆ ಗರಿಯನ್ನು ಕಿತ್ತುಕೊಂಡು ಬಂದೆ. ಆಮೇಲೆ ಫೋನೂ ಇಲ್ಲ.

ಪಾಪನಿವೇದನೆಯಲ್ಲಿ ಇದನ್ನ ಎರಡು ಸಲ ಹೇಳಿದ್ದೆ. ಅಲ್ಲಿ ಹೇಳೋದು ಸುಲಭ ಕಣ್ರೀ, ಅಲ್ಲಿ ಅಣ್ಣ ಇರಲ್ಲ. ಪಶ್ಚಾತ್ತಾಪಕ್ಕೆ ಹೀಬ್ರೂ ಭಾಷೆಯಲ್ಲಿರುವ ಮಾತಿಗೆ 'ಹಿಂದಿರುಗುವುದು' ಅಂತಲೇ ಅರ್ಥವಂತೆ. ನಿನೆವೆಯ ರಾಜ ಕೂಡ ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕೂತ, ಕೂತಲ್ಲೇ ದುಃಖಪಡಲಿಲ್ಲ.

ಕೆಲಸಕ್ಕೆ ಹೋಗಬೇಕಿದ್ದವನು ನರಸೀಪುರದ ಬಸ್ ಹತ್ತಿದೆ. ಉಪವಾಸ ಮಾಡುವಾಗ ಮುಖ ತೊಳೆದುಕೋ, ಜನಕ್ಕೆ ತೋರಿಸಬೇಡ ಅನ್ನುವ ಯೇಸುವಿನ ಮಾತನ್ನೇ ಅವತ್ತಿನ ಪೂಜೆಯಲ್ಲಿ ಓದಿ, ಮುಖಕ್ಕೇ ಬೂದಿ ಹಚ್ಚಿ ಕಳಿಸ್ತಾರೆ! ಒರೆಸಿಕೊಳ್ಳಲಾ ಅಂತ ದಾರಿಯುದ್ದಕ್ಕೂ ಯೋಚನೆ. ಅಣ್ಣನ ಮುಂದೆ ಭಕ್ತನ ವೇಷ ಹಾಕಿಕೊಂಡು ಹೋದ ಹಾಗಾಗುತ್ತೆ. ಕಪಿಲೆ ಕಾವೇರಿಗೆ ಸೇರುವ ಸಂಗಮದ ಹತ್ತಿರ ಇಳಿದು ಕರ್ಚೀಫು ಒದ್ದೆ ಮಾಡಿ ಒರೆಸಿಯೇ ಬಿಟ್ಟೆ.

ಬಾಗಿಲು ತೆಗೆದಿದ್ದು ಅತ್ತಿಗೆ. ಅಣ್ಣ ಒಳಗಿಂದ ಬಂದು ನೋಡಿದ.

"ಲೆಕ್ಕ ಕೇಳಿದ್ದು ತಪ್ಪಾಯ್ತಣ್ಣ" ಅಂದೆ. ಬಸ್ಸಲ್ಲಿ ಜೋಡಿಸಿಕೊಂಡಿದ್ದ ಬಾಕಿ ಮಾತೆಲ್ಲ ಮರೆತೇ ಹೋಯ್ತು.

ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ, "ಅಪ್ಪನ ಗರಿ ಎಲ್ಲೋ?" ಅಂದ.

ಚರ್ಚಿಗೆ ಕೊಟ್ಟೆ, ಬೆಳಿಗ್ಗೆ ಹಣೆಗೆ ಹಚ್ಚಿಸಿಕೊಂಡೆ, ಈಗ ಒರೆಸಿಕೊಂಡೆ... ಯಾವುದನ್ನ ಹೇಳಲಿ? ಜೇಬಿನಿಂದ ಕರ್ಚೀಫು ತೆಗೆದು ತೋರಿಸಿದೆ. ಕಪ್ಪು ಕಲೆ. ಅದನ್ನ ಇಸ್ಕೊಂಡು ಮಡಚಿ ಶಿಲುಬೆ ಕೆಳಗೆ ಇಟ್ಟ.

"ಇವತ್ತು ಒಪ್ಪೊತ್ತು. ಇದ್ದು ಉಣ್ಕೊಂಡು ಹೋಗು" ಅಂದ.