ಎರಡಂಗುಲದ ಚೌಕ

ಹೊಯ್ಸಳರ ದೇವಾಲಯಗಳನ್ನು ಕುರಿತು ಶಾಲೆಗಳಲ್ಲಿಯೂ ಊರಿನ ಸಂಘಗಳಲ್ಲಿಯೂ ಸ್ಲೈಡುಗಳನ್ನು ತೋರಿಸುತ್ತ ಮಾತನಾಡುವುದು ಬಹುಕಾಲದಿಂದ ನನಗೆ ಒದಗಿಬಂದಿರುವ ಸುಖ. ಆ ಸುಖದಲ್ಲಿ ಅರ್ಧಪಾಲು ಸಭೆಗೆ ಸೇರಿದ್ದರೆ, ಉಳಿದರ್ಧವು ಸಭೆಯ ಹಿಂದಿನ ರಾತ್ರಿಗೆ ಸೇರಿದ್ದು. ಮನೆಯವರೆಲ್ಲ ಮಲಗಿದ ಮೇಲೆ, ಹಾಲುಗಾಜಿನ ಕೆಳಗೆ ದೀಪವಿಟ್ಟ ಪೆಟ್ಟಿಗೆಯ ಮೇಲೆ ಸ್ಲೈಡುಗಳನ್ನು ಹರವಿಕೊಂಡು, ಭೂತಗನ್ನಡಿಯನ್ನು ಕಣ್ಣಿಗೊತ್ತಿ, 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲದ ಫಿಲ್ಮಿನ ತುಣುಕಿನಲ್ಲಿ ಹಳೇಬೀಡಿನ ಭಿತ್ತಿಯೊಂದು ತನ್ನ ಆನೆಗಳ ಸಾಲಿನೊಡನೆ ಅಡಗಿಕೊಂಡಿರುವುದನ್ನು ಕಾಣುವಾಗ ಮನಸ್ಸಿನಲ್ಲಿ ಮೂಡುವ ಶಾಂತಿಯನ್ನು ನಾನು ಬೇರೆ ಯಾವ ಕೆಲಸದಲ್ಲಿಯೂ ಪಡೆದಿಲ್ಲ.

ಆಯ್ಕೆಯೇ ಈ ಕಲೆಯ ಕಠಿಣತಮ ಭಾಗ. ನನ್ನ ಬಳಿ ಇನ್ನೂರಿದ್ದರೂ ಮುಕ್ಕಾಲು ಗಂಟೆಯ ಮಾತಿಗೆ ನಲವತ್ತೇ ಸಾಕು. ಪ್ರೊಜೆಕ್ಟರಿನ ದುಂಡುತಟ್ಟೆಯಲ್ಲಿ 80 ಸ್ಲೈಡುಗಳಿಗೆ ಎಡೆಯಿದೆಯೆಂಬುದು ಅದನ್ನು ತುಂಬಿಸುವುದಕ್ಕೆ ಕಾರಣವಾಗಲಾರದು. ಬೆಳಗಿನ ಓರೆಬಿಸಿಲಿನಲ್ಲಿ ಎರಡು ದಿನ ಕಾದು ತೆಗೆದ ಚೆಲುವಾದ ಚಿತ್ರವನ್ನು, ಅದು ಅಂದಿನ ಮಾತಿಗೆ ಸಲ್ಲದೆಂಬ ಒಂದೇ ಕಾರಣದಿಂದ ಪೆಟ್ಟಿಗೆಗೆ ಹಿಂದಿರುಗಿಸುವಾಗ ಕೈ ಹಿಂಜರಿಯುತ್ತದೆ. ಆದರೂ ಹಿಂದಿರುಗಿಸಲೇಬೇಕು.

ಆಯ್ದವುಗಳನ್ನು ಜೋಡಿಸುವ ಕ್ರಮವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಪ್ರದಕ್ಷಿಣೆಯಿಂದ. ದೇವಾಲಯಕ್ಕೆ ನಡೆದುಬರುವವನಿಗೆ ಮೊದಲು ಕಾಣುವುದು ದೂರದ ಒಟ್ಟು ಆಕಾರ. ಆಮೇಲೆ ಕಾಲಿಗೆ ಸಿಕ್ಕುವುದು ನಕ್ಷತ್ರದಂತೆ ಮಡಿಕೆಮಡಿಕೆಯಾಗಿ ಹರಿದ ಜಗತಿ. ಅಲ್ಲಿಂದ ಕಣ್ಣು ಕೆಳಗಿನ ಆನೆಗಳಿಂದ ತೊಡಗಿ ಸಿಂಹ, ಬಳ್ಳಿ, ಕುದುರೆಸವಾರರ ಸಾಲುಗಳನ್ನು ದಾಟಿ, ಪುರಾಣಕಥೆಗಳ ಪಟ್ಟಿಕೆಗೇರಿ, ಮಕರ ಹಂಸಗಳಾಚೆ ನಿಂತ ಮೂರ್ತಿಗಳನ್ನು ಮುಟ್ಟುತ್ತದೆ. ಸ್ಲೈಡುಗಳೂ ಹಾಗೆಯೇ ಏರಬೇಕು. ಕಾಲು ಇನ್ನೂ ಹೆಬ್ಬಾಗಿಲಲ್ಲಿರುವಾಗಲೇ ಮದನಿಕೆಯ ಬೆರಳಿನ ಉಂಗುರವನ್ನು ತೋರಿಸಿದರೆ, ನೋಡುವವನಿಗೆ ಉಂಗುರ ಕಂಡೀತು, ದೇವಾಲಯ ಕಾಣದು. ಎಲ್ಲೋ ಒಂದೆಡೆ, ಕಲಾಚರಿತ್ರಕಾರ ಹೈನ್ರಿಶ್ ವೋಲ್ಫ್ಲಿನ್ ತನ್ನ ಉಪನ್ಯಾಸಗಳಲ್ಲಿ ಎರಡು ಚಿತ್ರಗಳನ್ನು ಒಟ್ಟಿಗೆ ತೋರಿಸುತ್ತಿದ್ದಂತೆ, ಬಾದಾಮಿಯ ಮರಳುಗಲ್ಲಿನ ನಟರಾಜನನ್ನೂ ಹಳೇಬೀಡಿನ ಬಳಪದ ಕಲ್ಲಿನ ನರ್ತಕಿಯನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತೇನೆ. ಕಲ್ಲಿನ ಕಣ ಒರಟಾದರೆ ಉಳಿಯ ನಡೆ ಹೇಗೆ ಬೇರೆಯಾಗುತ್ತದೆಂಬುದನ್ನು ಆಗ ನಾನು ವಿವರಿಸಬೇಕಾಗಿಲ್ಲ.

ಚಿತ್ರ ತೆರೆಗೆ ಬಂದೊಡನೆ ಮಾತನಾಡಬಾರದು. ಕಣ್ಣು ಒಮ್ಮೆ ಅದರ ಮೇಲೆ ಸುತ್ತಾಡಿ ತನಗೆ ಬೇಕಾದುದನ್ನು ಹಿಡಿದುಕೊಳ್ಳುವವರೆಗೆ, ಮನಸ್ಸಿನಲ್ಲಿ ಐದೆಣಿಸುವಷ್ಟು ಹೊತ್ತು, ನಾನು ಸುಮ್ಮನಿರುತ್ತೇನೆ. ಕತ್ತಲೆಯಲ್ಲಿ ಯಾರೋ ಒಬ್ಬರು ಉಸಿರೆಳೆದುಕೊಳ್ಳುವ ಸದ್ದು ಕೇಳಿದಮೇಲೆ ಮಾತು ಆರಂಭಿಸುವುದು ಎಷ್ಟು ಸುಲಭ!

ಒಮ್ಮೆ ಒಂದು ಹಳ್ಳಿಯ ಶಾಲೆಯಲ್ಲಿ, ಸುಣ್ಣ ಬಳಿದ ಗೋಡೆಯೇ ತೆರೆಯಾಗಿದ್ದ ಸಭೆಯಲ್ಲಿ, ನಿಂತ ಕೇಶವಮೂರ್ತಿಯೊಂದನ್ನು ತೋರಿಸಿ ನಾನು ಮೌನವಾಗಿದ್ದಾಗ, ಮುಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧ ಅರ್ಚಕರು ಎದ್ದು ನಿಂತರು. “ಸ್ವಾಮಿ, ಪದ್ಮ ಎಡಗೈಗೆ ಹೋಗಿದೆಯಲ್ಲ! ಇವನು ಕೇಶವನಾಗಲಾರ” ಎಂದರು. ಅವರ ಮಾತು ನಿಜ. ಶಂಖ, ಚಕ್ರ, ಗದೆ, ಪದ್ಮಗಳೆಂಬ ನಾಲ್ಕನ್ನು ನಾಲ್ಕು ಕೈಗಳಲ್ಲಿ ಜೋಡಿಸುವ ಬಗೆಗಳು ಇಪ್ಪತ್ತನಾಲ್ಕು. ವಿಷ್ಣುವಿನ ಚತುರ್ವಿಂಶತಿ ಮೂರ್ತಿಗಳ ಹೆಸರುಗಳೂ ಆ ಜೋಡಣೆಯನ್ನೇ ಅನುಸರಿಸಿವೆ. ಕೇಶವನ ಕೆಳಗಿನ ಬಲಗೈಯಲ್ಲಿ ಪದ್ಮವಿರಬೇಕು. ನನ್ನ ಸ್ಲೈಡು ಹಿಂದುಮುಂದಾಗಿ ತಟ್ಟೆಯನ್ನು ಸೇರಿದ್ದರಿಂದ ಎಡಬಲಗಳು ಅದಲುಬದಲಾಗಿ, ಒಬ್ಬ ದೇವರು ಮತ್ತೊಬ್ಬನಾಗಿಬಿಟ್ಟಿದ್ದನು.

ಎರಡಂಗುಲದ ಆ ಚೌಕವನ್ನು ಎಂಟು ಬಗೆಯಲ್ಲಿ ಇಡಬಹುದು. ಸರಿಯಾದದ್ದು ಒಂದು ಮಾತ್ರ. ಅಂದಿನಿಂದ ನಾನು ಪ್ರತಿಯೊಂದು ಸ್ಲೈಡನ್ನೂ ಕಾಣಬೇಕಾದಂತೆ ನೇರವಾಗಿ ಹಿಡಿದು, ಕೆಳಗಿನ ಎಡಮೂಲೆಯಲ್ಲಿ ಕೆಂಪು ಬೊಟ್ಟೊಂದನ್ನಿಡುತ್ತ ಬಂದೆ. ಅದನ್ನು ತಲೆಕೆಳಗಾಗಿ ತಿರುಗಿಸಿದಾಗ ಬೊಟ್ಟು ಮೇಲಿನ ಬಲಮೂಲೆಗೆ ಬಂದು ಹೆಬ್ಬೆರಳಿನಡಿ ಸೇರುತ್ತದೆ. ಕತ್ತಲೆಯಲ್ಲಿಯೂ ಕೈ ತಪ್ಪುವುದಿಲ್ಲ.

ಈಗ ಆ ಯಂತ್ರಗಳ ಕಾಲ ಮುಗಿದಿದೆ. 1987ರಲ್ಲಿ ಬಂದ ಪವರ್‌ಪಾಯಿಂಟ್ ಆ ತಟ್ಟೆಯ ಕೆಲಸವನ್ನೆಲ್ಲ ತಾನೇ ವಹಿಸಿಕೊಂಡಿತು. ನಾನೂ ಕಂಪ್ಯೂಟರನ್ನೇ ಒಯ್ಯುತ್ತೇನೆ, ಸಂತೋಷದಿಂದಲೇ. ಆದರೆ ತೆರೆಯ ತುಂಬ ವಾಕ್ಯಗಳನ್ನು ಬರೆದಿಟ್ಟು ಅವನ್ನೇ ಓದುವ ಪದ್ಧತಿಗೆ ಮನಸ್ಸು ಒಗ್ಗಲಿಲ್ಲ. ಓದುವ ಕಣ್ಣು ಕೇಳುವ ಕಿವಿಯನ್ನು ಮುಚ್ಚಿಬಿಡುತ್ತದೆ. ಮೂರ್ತಿಯ ಹೆಸರು, ಊರು, ಇಷ್ಟೇ ನನ್ನ ಬರಹ. ಅದೂ ಕೊನೆಯ ಸಾಲಿನವರಿಗೆ ಕಾಣುವಷ್ಟು ದಪ್ಪಕ್ಷರದಲ್ಲಿ. ಮಾತೊಂದೇ ಸಾಕಾಗುವ ಕಡೆ ‘ಬಿ’ ಎಂಬ ಕೀಲಿಯನ್ನೊತ್ತಿ ತೆರೆಯನ್ನು ಕಪ್ಪಾಗಿಸುತ್ತೇನೆ. ಹಿಂದೆ ಇದೇ ಕೆಲಸಕ್ಕೆಂದು ಕಪ್ಪು ಕಾಗದದ ಸ್ಲೈಡುಗಳನ್ನು ನಡುನಡುವೆ ಸೇರಿಸುತ್ತಿದ್ದೆನು.

ಆ ರಾತ್ರಿ ಸಭೆ ಚದುರಿದ ಮೇಲೆ ಅರ್ಚಕರು ಯಂತ್ರದ ಬಳಿಗೆ ಬಂದು ಆ ಸ್ಲೈಡನ್ನು ನೋಡಬೇಕೆಂದರು. ತೆಗೆದುಕೊಟ್ಟೆ. ಅಂಚಿನಲ್ಲಿ ಹಿಡಿದು, ಮಾಡಿನಿಂದ ಇಳಿಬಿಟ್ಟಿದ್ದ ದೀಪದ ಬೆಳಕಿಗೆ ಎತ್ತಿ, ಮೆಲ್ಲಗೆ ಹೊರಳಿಸಿದರು. ಪದ್ಮ ಬಲಗೈಗೆ ಬಂದಿತು. “ಹಾ, ಈಗ ಕೇಶವ” ಎಂದು ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿತ್ತರು.